ಫೋಲ್ಡರ್ ಯಾರದು, ಬರೆಯೋ ಹಕ್ಕು ಯಾರಿಗೆ?

ರಾಯದುರ್ಗ, ಮಡಕಶಿರಾ ಎರಡೂ ಕಡೆಯ ನಾವು ಹಳೇ ಕನ್ನಡ ಶಾಲಾ ಪುಸ್ತಕಗಳನ್ನ ಸ್ಕ್ಯಾನ್ ಮಾಡಿ ಒಂದೇ ಲಿನಕ್ಸ್ ಸರ್ವರ್‌ಗೆ ಹಾಕ್ತಿದ್ದೀವಿ. ರಾಯದುರ್ಗದವರ ಕಡತವನ್ನ ಮಡಕಶಿರಾದವರು ತಿದ್ದೋಕೆ ಹೋದ್ರೆ 'ಅನುಮತಿ ಇಲ್ಲ'. ಸಿಟ್ಟಿಗೆ ಫೋಲ್ಡರ್‌ಗೆ 777 ಕೊಟ್ವಿ. ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದಂಗೆ ಅದು! ಸರ್ವರ್‌ನಲ್ಲಿ ಯಾವ ಪ್ರೋಗ್ರಾಂ ಬೇಕಾದ್ರೂ ಅಳಿಸಬಹುದು. ಕೆಲವು ಪುಸ್ತಕಗಳಿಗೆ ನಮ್ಮ ಹತ್ರ ಇನ್ನೊಂದು ಪ್ರತಿ ಇಲ್ಲ.

ಈಗ ಎರಡೂ ಊರಿನವರದು ಒಂದು ಗುಂಪು ಮಾಡಿ, ಫೋಲ್ಡರನ್ನ ಆ ಗುಂಪಿನ ಹೆಸರಿಗೆ ಮಾಡಿ, 2775 ಕೊಟ್ಟಿದ್ದೀವಿ. ಮೊದಲಿನ ಆ 2 ಇರೋದ್ರಿಂದ ಒಳಗೆ ಹುಟ್ಟೋ ಹೊಸ ಕಡತವೂ ಗುಂಪಿಗೇ ಸೇರುತ್ತೆ. ಆದ್ರೆ ಯೂಮಾಸ್ಕ್ 002 ಇರಬೇಕು. 022 ಇದ್ರೆ ಗುಂಪಿನವರು ಓದಬಹುದಷ್ಟೆ, ತಿದ್ದೋಕಾಗಲ್ಲ. ವೆಬ್ ಸರ್ವರ್‌ಗೆ ಓದೋದೇ ಸಾಕು, ಅದನ್ನ ಗುಂಪಿಗೆ ಸೇರಿಸಿಲ್ಲ. ಹೊಸದಾಗಿ ಸೇರಿದವರು ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ, ಆಮೇಲೆ ಅಪ್‌ಲೋಡ್ ಮಾಡಿ.