ವಿಮಾನಕ್ಕೊಂದು ಹೆಸರು

(ಬಾನುಲಿ ಭಾಷಣ)



ಹಂಪಿ ನೋಡಲು ಬಂದ ಶಾಲೆಯ ಮಕ್ಕಳನ್ನು ‘ವಿಮಾನ ನೋಡಿದಿರಾ?’ ಎಂದು ಕೇಳಿದರೆ ಅವರು ತಟ್ಟನೆ ಆಕಾಶದ ಕಡೆಗೆ ಕತ್ತೆತ್ತುತ್ತಾರೆ. ನಾನು ಗುಡಿಯ ಕಡೆಗೆ ಕೈ ತೋರಿಸುತ್ತೇನೆ. ಬಾಗಿಲ ಮೇಲೆ ಎದ್ದು ನಿಂತದ್ದು ಗೋಪುರ. ಗರ್ಭಗೃಹದ ಮೇಲೆ ಏರಿದ್ದು ವಿಮಾನ. ಮಾನವೆಂದರೆ ಅಳತೆ, ವಿಶೇಷವಾಗಿ ಅಳೆದು ಕಟ್ಟಿದ್ದು ವಿಮಾನ. ಶತಮಾನಗಳಿಂದ ಕದಲದೆ ನಿಂತಿರುವ ಕಲ್ಲಿನ ಕಟ್ಟಡಕ್ಕೂ, ಊರಿಂದೂರಿಗೆ ಹಾರುವ ಯಂತ್ರಕ್ಕೂ ನಮ್ಮ ನುಡಿಯಲ್ಲಿ ಒಂದೇ ಹೆಸರು. ಇದನ್ನು ಕೇಳಿ ಮಕ್ಕಳು ನಗುತ್ತಾರೆ. ನಗುವುದು ಸಹಜವೇ.

ವಿಮಾನಗಳಿಗೆ ನಾವು ಇಟ್ಟ ಹೆಸರುಗಳ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದನ್ನು ನಾನು ಕಲಿತದ್ದು ಪುಸ್ತಕಗಳಿಂದಲ್ಲ. ಹೊಸಪೇಟೆಯ ಒಂದು ರೇಡಿಯೋ ದುರಸ್ತಿಯ ಅಂಗಡಿಯಲ್ಲಿ. ಎಂಬತ್ತರ ದಶಕದಲ್ಲಿ, ಆಗತಾನೇ ಅಧ್ಯಾಪಕನಾಗಿದ್ದ ನಾನು, ಸಂಜೆಯ ವಾರ್ತೆ ಕೇಳಲು ಅಲ್ಲಿಗೆ ಹೋಗುತ್ತಿದ್ದೆ. ಇನ್ನೂ ಮೂರು ನಾಲ್ಕು ಮಂದಿ ಬರುತ್ತಿದ್ದರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳ ಪೊಟ್ಟಣ ಬಿಚ್ಚಿಕೊಳ್ಳುತ್ತಿತ್ತು. ತುಂಗಭದ್ರೆಯ ನೀರಿನ ಮಟ್ಟದಿಂದ ದೆಹಲಿಯ ರಾಜಕಾರಣದವರೆಗೆ ಮಾತು ಹರಿಯುತ್ತಿತ್ತು. ಆದರೆ ಅಂಗಡಿಯ ಯಜಮಾನರಿಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯ ವಿಮಾನ. ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತದಿದ್ದ ಆ ಮನುಷ್ಯ ಒಂದು ದಪ್ಪ ಲೆಕ್ಕದ ಪುಸ್ತಕದಲ್ಲಿ ವಿಮಾನಗಳ ಹೆಸರುಗಳನ್ನು ಬರೆದಿಡುತ್ತಿದ್ದರು. ಪುಟಕ್ಕೆ ಮೂರು ಕಲಮು: ಹೆಸರು, ಅದರ ಅರ್ಥ, ಮುಂದೆ ಏನಾಯಿತು.

ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯ ವಿಮಾನಗಳಿಗೆ ಅದರಲ್ಲಿ ಅಗ್ರಸ್ಥಾನ. 1958ರಲ್ಲಿ ಮೊದಲು ಹಾರಿದ, ಎರಡು ಆಸನದ ಪುಟ್ಟ ‘ಪುಷ್ಪಕ್’, ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ತರುಣರಿಗೆ ಮೊದಲ ಪಾಠ ಹೇಳಿಕೊಟ್ಟಿತು. ಮರುವರ್ಷ ಹಾರಿದ್ದು ‘ಕೃಷಕ್’. ಹೆಸರು ರೈತನದು, ಆದರೆ ಅದು ಸೇರಿದ್ದು ಸೈನ್ಯವನ್ನು, ಶತ್ರುವಿನ ನೆಲೆಯನ್ನು ಮೇಲಿನಿಂದ ಗಮನಿಸುವ ಕೆಲಸಕ್ಕೆ. ಬೆಳೆಗೆ ಔಷಧಿ ಸಿಂಪಡಿಸುವ ನಿಜವಾದ ಬೇಸಾಯದ ವಿಮಾನ ಬಂದದ್ದು 1972ರಲ್ಲಿ. ಅದಕ್ಕೆ ‘ಬಸಂತ್’ ಎಂದು ಋತುವಿನ ಹೆಸರಿಟ್ಟರು. “ನಮ್ಮ ಕಂಪ್ಲಿಯ ಭತ್ತದ ಗದ್ದೆಯವರನ್ನ ಒಂದು ಮಾತು ಕೇಳಿದ್ದರೆ ಹೆಸರು ಅದಲು ಬದಲಾಗುತ್ತಿರಲಿಲ್ಲ ನೋಡ್ರಿ” ಎಂದು ಯಜಮಾನರು ನಗುತ್ತಿದ್ದರು.

1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಏರಿದ ಯುದ್ಧವಿಮಾನ ‘ಮರುತ್’. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ವಿಮಾನಗಳನ್ನು ರಚಿಸಿಕೊಟ್ಟ ಕುರ್ಟ್ ಟ್ಯಾಂಕ್ ನಮ್ಮವರೊಡನೆ ಕುಳಿತು ರೂಪಿಸಿದ ವಿಮಾನವದು. ಜರ್ಮನ್ ಶಿಲ್ಪಿ, ವೇದಕಾಲದ ಹೆಸರು. ಮರುತ್ತೆಂದರೆ ಗಾಳಿ, ಗಾಳಿಯ ಮಗ ಮಾರುತಿ. ಹೊಳೆಯಾಚೆ ಆನೆಗೊಂದಿಯ ಪಕ್ಕದ ಅಂಜನಾದ್ರಿಯೇ ಅವನು ಹುಟ್ಟಿದ ಬೆಟ್ಟವೆಂದು ನಮ್ಮ ಸೀಮೆಯ ನಂಬಿಕೆ. ಹೀಗಾಗಿ ಯಜಮಾನರ ಪುಸ್ತಕದಲ್ಲಿ ಮರುತ್ ಊರ ನೆಂಟನಾಗಿತ್ತು. ಗಾಳಿಯ ಹೆಸರು ಹೊತ್ತರೂ ತಕ್ಕ ಬಲದ ಎಂಜಿನ್ ದೊರೆಯದೆ, ಶಬ್ದದ ವೇಗವನ್ನು ಬಹುವಾಗಿ ಮೀರಬೇಕೆಂಬ ಕನಸು ಅದಕ್ಕೆ ಕೈಗೂಡಲಿಲ್ಲ. ಆದರೂ 1971ರ ಯುದ್ಧದಲ್ಲಿ ಅದು ತನ್ನ ಪಾಲಿನ ಕೆಲಸ ಮಾಡಿತು. ಇದೆಲ್ಲ ಮೂರನೆಯ ಕಲಮಿನಲ್ಲಿತ್ತು.

ಹೆಸರಿನ ಇನ್ನೊಂದು ಸೋಜಿಗ ‘ಅಜೀತ್’. ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಪುಟ್ಟ ವಿಮಾನಕ್ಕೆ ಅಲ್ಲಿಯವರು ಇಟ್ಟ ಹೆಸರು ‘ನ್ಯಾಟ್’, ಎಂದರೆ ನುಸಿ. 1965ರ ಯುದ್ಧದಲ್ಲಿ ಆ ನುಸಿ ದೊಡ್ಡ ಸೇಬರ್ ವಿಮಾನಗಳನ್ನು ಕಾಡಿ ಹೆಸರು ಗಳಿಸಿತು. ಅದನ್ನೇ ತಿದ್ದಿ ಬಲಪಡಿಸಿ ಬೆಂಗಳೂರಿನಲ್ಲಿ ಮಾಡಿದಾಗ ನಮ್ಮವರು ‘ಅಜೀತ್’, ಸೋಲದವನು, ಎಂದು ಕರೆದರು. ಆಂಗ್ಲರು ತಮ್ಮ ವಿಮಾನವನ್ನು ಹಾಸ್ಯದಿಂದ ಕರೆದರು, ನಾವು ಗೌರವದಿಂದ ಕರೆದೆವು. ಇಂಥಲ್ಲಿ ಎರಡು ಜನಾಂಗಗಳ ಸ್ವಭಾವವೇ ಕಾಣುತ್ತದೆಯೆಂದು ನನಗೆ ತೋರುತ್ತದೆ.

ಆ ವಯಸ್ಸಿನಲ್ಲಿ ನನಗೆ ಹಾಗೆ ತೋರಿರಲಿಲ್ಲ. ಎಂ.ಎ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ‘ಯಂತ್ರಕ್ಕೆ ಹೆಸರೇತಕ್ಕೆ? ರೈಲಿಗೆ, ಬಸ್ಸಿಗೆ ನಂಬರು ಸಾಲದೆ?’ ಎಂದು ವಾದಿಸುತ್ತಿದ್ದೆ. ವಿಮಾನದ ಮೈಮೇಲಿನ ನೋಂದಣಿ ಅಕ್ಷರಗಳು ‘ವಿಟಿ’ ಎಂದು ಆರಂಭವಾಗುವುದೇಕೆಂಬ ಚರ್ಚೆಯೂ ಅಲ್ಲಿ ನಡೆಯಿತು. ಅದು ‘ವೈಸ್‌ರಾಯ್ಸ್ ಟೆರಿಟರಿ’, ಎಂದರೆ ವೈಸರಾಯನ ಸೀಮೆ, ಎಂದು ಒಬ್ಬರು ಬಲವಾಗಿ ಹೇಳಿದರು. ಬ್ರಿಟಿಷರು ತಮ್ಮ ವಸಾಹತುಗಳಿಗೆಂದು ಇಟ್ಟುಕೊಂಡ ‘ವಿ’ ಸರಣಿಯಿಂದ ಬಂದ ಅಕ್ಷರಗಳವು. ವೈಸರಾಯನನ್ನು ಅಲ್ಲಿಗೆ ತಂದು ಕೂರಿಸಿದ್ದು ಜನರ ಕಲ್ಪನೆ. “ನೋಡಿದಿರಾ ಮೇಷ್ಟ್ರೆ, ನೀವು ಬರಿಯ ಅಕ್ಷರ ಕೊಟ್ಟರೂ ಜನ ಅದಕ್ಕೊಂದು ಹೆಸರು ಕಟ್ಟಿಯೇ ಕಟ್ಟುತ್ತಾರೆ” ಎಂದರು ಯಜಮಾನರು. ನನ್ನಲ್ಲಿ ಉತ್ತರವಿರಲಿಲ್ಲ, ಆದರೂ ಸೋಲನ್ನು ಒಪ್ಪಲಿಲ್ಲ.

ಏರ್ ಇಂಡಿಯಾ ಸಂಸ್ಥೆಯ ಹೆಸರುಗಳು ಆ ಪುಸ್ತಕದಲ್ಲಿ ಬೇರೊಂದು ಅಧ್ಯಾಯ. ಮೊದಲ ಕಾಲದ ವಿಮಾನಗಳು ರಾಜಕುಮಾರಿಯರಾಗಿದ್ದವು. 1948ರ ಜೂನಿನಲ್ಲಿ ಮುಂಬಯಿಯಿಂದ ಲಂಡನ್ನಿಗೆ ಮೊದಲ ಯಾನ ಕೈಗೊಂಡದ್ದು ‘ಮಲಬಾರ್ ಪ್ರಿನ್ಸೆಸ್’. 1950ರ ನವೆಂಬರಿನಲ್ಲಿ ಅದು ಯುರೋಪಿನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು ನಾಶವಾಯಿತು. ಬೋಯಿಂಗ್ 707ಗಳು ಬಂದಾಗ ಗಿರಿಶಿಖರಗಳ ಹೆಸರು ಬಂದವು. ‘ಕಾಂಚನಜುಂಗಾ’ ಎಂಬ ವಿಮಾನ 1966ರ ಜನವರಿಯಲ್ಲಿ ಅದೇ ಮೌಂಟ್ ಬ್ಲಾಂಕಿಗೆ ಬಡಿಯಿತು. ವಿಜ್ಞಾನಿ ಹೋಮಿ ಭಾಭಾ ಅದರಲ್ಲಿ ತೀರಿಕೊಂಡರು. ಒಂದು ಪರ್ವತದ ಹೆಸರು ಮತ್ತೊಂದು ಪರ್ವತದ ಹಿಮದಲ್ಲಿ ಹೂತುಹೋಯಿತು. 1971ರಲ್ಲಿ ಜಂಬೊ ಜೆಟ್ಟುಗಳು ಬರತೊಡಗಿದಾಗ ಸಿಂಹಾಸನವೇರಿದವರು ಚಕ್ರವರ್ತಿಗಳು: ಅಶೋಕ, ಷಹಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್, ಚಂದ್ರಗುಪ್ತ, ಕನಿಷ್ಕ. ಅವರ ನಡುವೆ ನಮ್ಮ ಕೃಷ್ಣದೇವರಾಯ.

ಆ ಹೆಸರನ್ನು ಯಜಮಾನರು ಕೆಂಪು ಮಸಿಯಲ್ಲಿ ಬರೆದಿದ್ದರು. ನಮ್ಮ ಮನೆಯಂಗಳದ ದೊರೆ ಸಮುದ್ರ ದಾಟಿ ಹೋಗುತ್ತಾನೆಂಬ ಹೆಮ್ಮೆ ಅವರದು. ‘ಮಹಾನವಮಿ ದಿಬ್ಬದ ಮೇಲೆ ಕುಳಿತು ಲೋಕದ ವರ್ತಕರನ್ನೂ ರಾಯಭಾರಿಗಳನ್ನೂ ಬರಮಾಡಿಕೊಂಡವನನ್ನು ಈಗ ಟಿಕೆಟ್ಟು ಕೊಂಡವರೆಲ್ಲ ಏರಿ ಕೂರುತ್ತಾರಲ್ಲ!’ ಎಂದು ನಾನು ಗೇಲಿ ಮಾಡಿದೆ. ಅವರು ನೊಂದರೆಂದು ಕಾಣುತ್ತದೆ, ಏನೂ ಅನ್ನಲಿಲ್ಲ.

1985ರ ಜೂನ್ 23, ಭಾನುವಾರ. ಅಟ್ಲಾಂಟಿಕ್ ಸಾಗರದ ಮೇಲೆ, ಐರ್ಲೆಂಡಿನ ಕರಾವಳಿಯ ಬಳಿ, ಕೆನಡಾದಿಂದ ಬರುತ್ತಿದ್ದ ‘ಕನಿಷ್ಕ’ ಬಾಂಬಿನಿಂದ ಒಡೆದು ಕಡಲಿಗೆ ಬಿತ್ತು. ವಿಮಾನದಲ್ಲಿದ್ದ 329 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅಂದು ಸಂಜೆ ಅಂಗಡಿಯ ರೇಡಿಯೋದಲ್ಲಿ ಆ ವಾರ್ತೆಯನ್ನು ಕೇಳಿದೆವು. ಬಜ್ಜಿಯ ಪೊಟ್ಟಣ ಬಿಚ್ಚಲಿಲ್ಲ. ಯಜಮಾನರು ಪುಸ್ತಕ ತೆಗೆದರು. 1978ರ ಹೊಸವರ್ಷದ ದಿನ ಮುಂಬಯಿಯ ಕಡಲಿಗೆ ಬಿದ್ದ ‘ಅಶೋಕ’ದ ಸಾಲಿನಲ್ಲಿ ಒಂದು ತಾರೀಖು, 213 ಎಂಬ ಸಂಖ್ಯೆ ಮಾತ್ರ ಇದ್ದವು. ‘ಕನಿಷ್ಕ’ದ ಎದುರಿಗೂ ಅವರು ತಾರೀಖನ್ನು ಬರೆದರು. ಹೆಸರನ್ನು ಹೊಡೆದುಹಾಕಲಿಲ್ಲ. ಅದರ ಕೆಳಗಿನ ಸಾಲಿನಲ್ಲಿಯೇ ಕೆಂಪು ಮಸಿಯ ಕೃಷ್ಣದೇವರಾಯನಿದ್ದ. ಆ ದಿನ ಆ ದಾರಿಯಲ್ಲಿ ಯಾವ ಚಕ್ರವರ್ತಿಯ ಪಾಳಿ ಎಂಬುದಷ್ಟೇ ಎರಡು ಸಾಲುಗಳ ನಡುವಣ ಅಂತರ. ನಾನು ಮಾಡಿದ ಗೇಲಿ ನನಗೆ ನೆನಪಾಯಿತು. ಅವರಿಗೂ ನೆನಪಾಗಿರಬೇಕು. ಸ್ವಲ್ಪ ಹೊತ್ತಿನ ಮೇಲೆ, “ಹೆಸರಿಟ್ಟವರಿಗೆ ಗೊತ್ತಿರೋದಿಲ್ಲ ಮೇಷ್ಟ್ರೆ, ಅದನ್ನ ಮುಂದೆ ಯಾರು, ಯಾತಕ್ಕೆ ನೆನೀತಾರೆ ಅಂತ” ಎಂದರು.

ಆ ಮಾತು ನಿಜವಾಯಿತು. ಆ ಯಾನದ ಸಂಖ್ಯೆ 182 ಎಂಬುದು ದಾಖಲೆಗಳಲ್ಲಿದೆ. ನಮ್ಮ ಜನ ಮಾತ್ರ ಇಂದಿಗೂ ‘ಕನಿಷ್ಕ ದುರಂತ’ವೆನ್ನುತ್ತಾರೆ. ಕುಷಾಣರ ದೊರೆಯ ಕಥೆ ತಿಳಿಯದವರಿಗೂ ಆ ಹೆಸರು ಕೇಳಿದರೆ ಕಡಲಿನ ನೆನಪು ಬರುತ್ತದೆ. ಹೆಸರಿಲ್ಲದ ಕಡೆ ಜನ ಊರನ್ನು ಹಿಡಿಯುತ್ತಾರೆ. 2025ರ ಜೂನ್ 12ರ ಘೋರವನ್ನು ನಾವೆಲ್ಲ ‘ಅಹಮದಾಬಾದ್’ ಎಂದೇ ಕರೆಯುತ್ತೇವೆ. ಸತ್ತವರನ್ನು ನೆನೆಯಲು ಬದುಕಿರುವವರಿಗೆ ಒಂದು ಹಿಡಿಕೆ ಬೇಕು. ನಂಬರು ಆ ಕೆಲಸಕ್ಕೆ ಒದಗುವುದಿಲ್ಲ. ನಲವತ್ತು ವರ್ಷಗಳ ಹಿಂದಿನ ವಾದದಲ್ಲಿ ನಾನು ಸೋತೆನೆಂದು ಈ ಬಾನುಲಿಯ ಮೂಲಕವಾದರೂ ಒಪ್ಪಿಕೊಳ್ಳುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳೆಯ ಹೆಸರು ಇದ್ದಮಾತ್ರಕ್ಕೆ ಹಳೆಯ ಯಂತ್ರವೂ ಇತ್ತೆಂದು ಹೊರಡುವವರಿದ್ದಾರೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳಿಂದ ಬಂದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ರಚನೆ, ಅದರಲ್ಲಿನ ವಿಮಾನಗಳು ಹಾರಲಾರವು ಎಂದು 1974ರಲ್ಲಿಯೇ ತೋರಿಸಿದರು. ಪುಷ್ಪಕ ಕವಿಯ ವಿಮಾನ. ಅದನ್ನು ಕಾವ್ಯದಲ್ಲಿಯೇ ಹಾರಲು ಬಿಡುವುದು ಕಾವ್ಯಕ್ಕೂ ಕ್ಷೇಮ, ವಿಜ್ಞಾನಕ್ಕೂ ಕ್ಷೇಮ.

ಯಜಮಾನರು ಈಗಿಲ್ಲ. ಅವರ ಮಗ ಆ ಪುಸ್ತಕವನ್ನು ನನಗೆ ತಂದುಕೊಟ್ಟ. 2003ರಲ್ಲಿ ಹೆಸರು ಪಡೆದ ‘ತೇಜಸ್’ವರೆಗೆ ಅವರ ಕೈಬರಹವಿದೆ. 2022ರ ‘ಪ್ರಚಂಡ’ ಹೆಲಿಕಾಪ್ಟರನ್ನು ನಾನು ಸೇರಿಸಿದೆ. 2017ರಲ್ಲಿ ಸಂಡೂರು ತಾಲೂಕಿನ ತೋರಣಗಲ್ಲಿನ ನಿಲ್ದಾಣಕ್ಕೆ ಸಾರ್ವಜನಿಕರ ವಿಮಾನಗಳು ಬರತೊಡಗಿದಾಗ ಅದರ ಹೆಸರನ್ನೂ ಬರೆದೆ: ವಿದ್ಯಾನಗರ. ವಿದ್ಯಾರಣ್ಯರ ನೆನಪಿನಲ್ಲಿ ವಿಜಯನಗರಕ್ಕೆ ಹಿಂದೆ ಇದ್ದ ಹೆಸರೂ ಅದೇ. ಏರ್ ಇಂಡಿಯಾದ ಕಟ್ಟಕಡೆಯ ಜಂಬೊ 2024ರ ಏಪ್ರಿಲಿನಲ್ಲಿ ಮುಂಬಯಿ ಬಿಟ್ಟು ಹೋದ ಸುದ್ದಿ ಓದಿದ ದಿನ, ಬಹುಕಾಲ ಖಾಲಿಯಿದ್ದ ಕೃಷ್ಣದೇವರಾಯನ ಮೂರನೆಯ ಕಲಮಿನಲ್ಲಿ ‘ಕೆಲಸ ಮುಗಿಸಿತು’ ಎಂದು ತುಂಬಿದೆ. ಕೆಂಪು ಮಸಿಯ ಲೇಖನಿಯನ್ನು ಅಂಗಡಿಗೆ ಹೋಗಿ ಕೊಂಡುತಂದಿದ್ದೆ.

ಅಂದು ಮೊದಲ ಸಲ ಪುಸ್ತಕದ ಮೊದಲ ಪುಟವನ್ನು ನೋಡಿದೆ. ಮೊದಲನೆಯ ಹೆಸರು ಪುಷ್ಪಕ, ಬೆಂಗಳೂರಿನದಲ್ಲ, ರಾಮಾಯಣದ್ದು. ಲಂಕೆಯಿಂದ ಅಯೋಧ್ಯೆಗೆ ಮರಳುವಾಗ ರಾಮನು ಸೀತೆಗೆ ಮೇಲಿನಿಂದ ಕಿಷ್ಕಿಂಧೆಯನ್ನು ತೋರಿಸುತ್ತಾನೆ. ತಾರೆಯೇ ಮೊದಲಾದ ವಾನರಸ್ತ್ರೀಯರನ್ನೂ ಕರೆದೊಯ್ಯೋಣವೆಂದು ಸೀತೆ ಕೇಳುತ್ತಾಳೆ. ವಿಮಾನ ನಿಂತು ಅವರನ್ನೂ ಹತ್ತಿಸಿಕೊಳ್ಳುತ್ತದೆ. ನಮ್ಮ ಊರಲ್ಲಿ ವಿಮಾನ ಇಳಿದ ಪ್ರಥಮ ಪ್ರಸಂಗವಿದು. ಯಜಮಾನರು ಅದನ್ನು ಬಿಟ್ಟಿರಲಿಲ್ಲ. ಹೆಸರು: ಪುಷ್ಪಕ. ಅರ್ಥ: ಹೂವಿನಂಥದು. ಮುಂದೆ ಏನಾಯಿತು ಎಂಬಲ್ಲಿ ಹೀಗೆ ಬರೆದಿದ್ದರು: ‘ಕಿಷ್ಕಿಂಧೆಯಲ್ಲಿ ನಿಂತು ಹತ್ತಿದವರನ್ನೂ ಸೇರಿಸಿ, ಎಲ್ಲರನ್ನೂ ಊರಿಗೆ ಮುಟ್ಟಿಸಿತು.’