ಅರಸರ ತೋಟಕ್ಕೆ ನಾವು ಏಕೆ ಹೋಗಬೇಕು?

(ಹುಣಸೂರಿನಲ್ಲಿ ಸೇರಿದ್ದ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ನಾವೆಲ್ಲ ಒಟ್ಟುಗೂಡಿ ಒಂದು ದಿನ ಶ್ರೀರಂಗಪಟ್ಟಣಕ್ಕೆ ಹೋಗಬೇಕು, ದರಿಯಾ ದೌಲತ್ ತೋಟವನ್ನೂ ಅದರ ಸುತ್ತಣ ಪಟ್ಟಣವನ್ನೂ ನೋಡಿಕೊಂಡು ಬರಬೇಕು ಎಂದು ಮಾತಾಗಿದೆ. ಕೆಲವು ಗೆಳೆಯರು ಎದ್ದು ಕೇಳಿದ್ದಾರೆ: "ಒಂದು ದಿನದ ಕೂಲಿ ಹೋಗುತ್ತದೆ, ಅಂಗಡಿಯ ಬಾಗಿಲು ಹಾಕಬೇಕು. ಅರಸರ ತೋಟ ನೋಡಿ ನಮಗೇನು ಬಂತು ಸ್ವಾಮಿ?"

ಪ್ರಶ್ನೆ ನ್ಯಾಯವಾದದ್ದೇ. ದಿನಗೂಲಿಯವನಿಗೆ ಒಂದು ದಿನದ ಕೂಲಿ ಎಂದರೆ ಮನೆಯ ಒಲೆ. ಸಂತೆಯಲ್ಲಿ ಗಂಟು ಬಿಚ್ಚಿ ಕೂರುವವನಿಗೆ ಒಂದು ದಿನ ತಪ್ಪಿದರೆ ವಾರದ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಸುಮ್ಮನೆ "ಬನ್ನಿ, ಚೆನ್ನಾಗಿದೆ" ಎಂದು ಹೇಳಿದರೆ ಸಾಲದು. ಅಲ್ಲಿ ಏನನ್ನು ನೋಡಬೇಕು, ಯಾವ ಕಣ್ಣಿನಿಂದ ನೋಡಬೇಕು ಎಂಬುದನ್ನು ಇಲ್ಲಿಯೇ ಮಾತನಾಡಿಕೊಂಡು ಹೊರಡೋಣ.

ಮೊದಲು ನೀರಿನ ಮಾತು. ನೀರಿಲ್ಲದೆ ತೋಟವಿಲ್ಲ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಆ ನೀರು ಎಲ್ಲಿಂದ ಬರುತ್ತದೆ? ಪಿರಿಯಾಪಟ್ಟಣ ತಾಲ್ಲೂಕಿನ ಅಂಚನ್ನು ಸವರಿಕೊಂಡು, ಚುಂಚನಕಟ್ಟೆಯಲ್ಲಿ ಧುಮುಕಿ, ಎಡತೊರೆಯನ್ನು ದಾಟಿ ಬರುತ್ತದೆ. ನಮ್ಮ ಹುಣಸೂರಿನ ಲಕ್ಷ್ಮಣತೀರ್ಥವೂ ಅದಕ್ಕೆ ಕೂಡಿಕೊಳ್ಳುತ್ತದೆ. ಕೋಟೆ ತಾಲ್ಲೂಕಿನ ಕಪಿಲೆ ಮಾತ್ರ ಈ ದ್ವೀಪವನ್ನು ಕಾಣದೆ, ಕೆಳಗೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳುವ ಬಂಗಾರದೊಡ್ಡಿ ನಾಲೆ, ಹೊಳೆಯ ಒಂದು ಕವಲಿನ ಮೇಲೆಯೇ ಮೇಲ್ಗಾಲುವೆಯಾಗಿ ದಾಟಿ ದ್ವೀಪದ ಗದ್ದೆ ತೋಟಗಳಿಗೆ ನೀರುಣಿಸಿತು. ಹೊಳೆಯ ಮೇಲೆ ಹೊಳೆಯನ್ನು ಹರಿಸಿದ ಕೆಲಸ ಅದು. ಅರಸರ ಹೆಸರು ಉಳಿದಿದೆ. ಕಲ್ಲು ಹೊತ್ತವರ, ಮಟ್ಟ ಹಿಡಿದವರ ಹೆಸರು ಉಳಿದಿಲ್ಲ. ಅಲ್ಲಿಗೆ ಹೋದಾಗ ನಾವು ಉದ್ದಕ್ಕೂ ಕಾಣುವುದು ಇದನ್ನೇ.

ಇನ್ನು ದರಿಯಾ ದೌಲತ್. ಕೋಟೆಯ ಹೊರಗೆ, ಹೊಳೆಯ ಸಮೀಪದಲ್ಲಿ, 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಬೇಸಿಗೆಯ ಅರಮನೆ. ಹೆಚ್ಚಿನ ಭಾಗ ತೇಗದ ಮರದ್ದು. ಬಿಸಿಲು ತಾಗದಂತೆ ಸುತ್ತಲೂ ಹಸಿರು ತಡಿಕೆ ಇಳಿಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದವರು "ಇಷ್ಟೇನಾ?" ಎಂದು ಹಿಂದಿರುಗಿಬಿಡಬಾರದು. ಒಳಗೆ ಕಂಬ, ಕಮಾನು, ಸೂರು, ಗೋಡೆ, ಗೇಣು ಜಾಗವೂ ಬಿಡದೆ ಬಣ್ಣದ ಕೆಲಸವಿದೆ. ನಮ್ಮಲ್ಲಿ ಬಡಗಿಗಳಿದ್ದಾರೆ, ಬಣ್ಣ ಬಳಿಯುವವರಿದ್ದಾರೆ. ಆ ಕೆಲಸದ ಬೆಲೆ ಮಿಕ್ಕವರಿಗಿಂತ ಅವರಿಗೆ ಚೆನ್ನಾಗಿ ತಿಳಿಯುತ್ತದೆ.

ಪಶ್ಚಿಮದ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ದಂಡನ್ನು ಮುರಿದ ಯುದ್ಧ ಅಲ್ಲಿದೆ. ಕೆಂಪಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಈ ಚಿತ್ರಗಳು ಒಮ್ಮೆ ಕೆಟ್ಟವು, ಸುಣ್ಣ ಕಂಡವು. ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದನೆಂದು ಪುಸ್ತಕಗಳು ಹೇಳುತ್ತವೆ. ಬರೆಸಿದವನು ಡಾಲ್‌ಹೌಸಿ, ಸರಿ. ಬರೆದ ಕೈ ಯಾರದು? ಗೆದ್ದ ಸುಲ್ತಾನನ ಹೆಸರಿದೆ, ಸೋತ ಕರ್ನಲನ ಹೆಸರಿದೆ, ಕುಂಚ ಹಿಡಿದವನು ಮಾತ್ರ ಹೆಸರಿಲ್ಲದೆ ಹೋದ.

ತೋಟದಿಂದ ಪಟ್ಟಣಕ್ಕೆ ಬರೋಣ. ಹತ್ತಿರದಲ್ಲೇ ಗಂಜಾಂ. ನಿಮಿಷಾಂಬ ದೇವಿಯ ದರ್ಶನಕ್ಕೆ ನಮ್ಮ ತಾಯಂದಿರು ಹೋಗುವ ಊರು. ಅದು ಕಸುಬುದಾರರ ಪೇಟೆಯಾಗಿ ಬೆಳೆದದ್ದು ಹೇಗೆ ಗೊತ್ತೇ? ದುಡಿಯುವ ಜನ ಬೇಕೆಂದು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಇಲ್ಲಿ ತಂದು ನೆಲೆಗೊಳಿಸಿದನೆಂದು ಲೂಯಿ ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಇಲ್ಲಿ ನಾವು ಯಾರ ಪಕ್ಷದ ವಕೀಲಿಕೆಯನ್ನೂ ಮಾಡಬೇಕಾಗಿಲ್ಲ. ಕಂಪನಿಯ ಎದುರು ತಲೆಬಾಗದೆ ನಿಂತದ್ದೂ ನಿಜ. ಒಂದೇ ಆಜ್ಞೆಯಲ್ಲಿ ಅಷ್ಟು ಸಂಸಾರಗಳು ಮನೆಮಠ ಬಿಟ್ಟು ಬರಬೇಕಾದದ್ದೂ ನಿಜ. ದೊರೆಗೆ ರಾಜಧಾನಿ ಬೇಕು, ರಾಜಧಾನಿಗೆ ಕೈಗಳು ಬೇಕು. ಆ ಕೈಗಳನ್ನು ಯಾರೂ "ಬರುತ್ತೀರಾ?" ಎಂದು ಕೇಳಲಿಲ್ಲ.

ಆ ಪಟ್ಟಣಕ್ಕೆ ಬಂದ ಗತಿಯನ್ನು ನಮ್ಮ ತಾಲ್ಲೂಕುಗಳು ಕಣ್ಣಾರೆ ಕಂಡಿವೆ. 1791ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ದಂಡು ಕೊಡಗಿನ ಘಟ್ಟವಿಳಿದು ಪಿರಿಯಾಪಟ್ಟಣದ ಸೀಮೆಗೆ ನುಗ್ಗಿತು. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದ ಮೂಡಣ ತುದಿಯ ಲಾಲ್‌ಬಾಗಿನಲ್ಲಿ ಬೀಡುಬಿಟ್ಟಿತು. ಹೈದರನ ಗೋರಿಯಿರುವ ಆ ತೋಟದ ಮರಗಳನ್ನು ಕಡಿದು ಮುತ್ತಿಗೆಯ ಸಾಮಾನು ಮಾಡಿಕೊಂಡರು, ಅಲ್ಲಿನ ಅರಮನೆಯನ್ನು ಆಸ್ಪತ್ರೆ ಮಾಡಿಕೊಂಡರು. 1799ರ ಮಾರ್ಚ್ 6ರಂದು ಮತ್ತೆ ಪಿರಿಯಾಪಟ್ಟಣದ ಗಡಿಯ ಸಿದ್ದೇಶ್ವರದ ಬಳಿ ಕಾಳಗ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ.

ಆಮೇಲೆ ಲೂಟಿ ಹಂಚಿಕೊಂಡರು. ಆ ಲೆಕ್ಕವನ್ನು ವ್ಯಾಪಾರಿ ಗೆಳೆಯರು ಗಮನವಿಟ್ಟು ಕೇಳಬೇಕು. ಸೇನಾಪತಿ ಹ್ಯಾರಿಸನಿಗೆ ಸಂದದ್ದು ಸುಮಾರು 1,43,000 ಪೌಂಡು. ಬಿಳಿಯ ಸಾಮಾನ್ಯ ಸಿಪಾಯಿಗೆ ಸುಮಾರು 7 ಪೌಂಡು. ನಮ್ಮ ನಾಡಿನ ಸಿಪಾಯಿಗೆ ಸುಮಾರು 5 ಪೌಂಡು. ಗುಂಡಿಗೆ ಎದೆ ಕೊಟ್ಟವನಿಗೆ ಐದು, ಡೇರೆಯಲ್ಲಿ ಕುಳಿತವನಿಗೆ ಒಂದು ಲಕ್ಷದ ನಲವತ್ತಮೂರು ಸಾವಿರ! ಯಾವ ತಕ್ಕಡಿಯಲ್ಲಿ ತೂಗಿದರು ಇದನ್ನು?

ಇದು ನಮ್ಮ ಒಂದು ಊರಿನ ಕಥೆಯೆಂದು ತಿಳಿಯಬೇಡಿ. ಚೀನಾದ ಚಕ್ರವರ್ತಿಗಳಿಗೆ ಪೀಕಿಂಗ್ ನಗರದ, ಎಂದರೆ ಇಂದಿನ ಬೀಜಿಂಗಿನ, ಹೊರವಲಯದಲ್ಲಿ ಯುವಾನ್‌ಮಿಂಗ್‌ಯುವಾನ್ ಎಂಬ ಮಹಾ ಉದ್ಯಾನವಿತ್ತು. ಕೆರೆ, ಸೇತುವೆ, ಗುಡ್ಡ, ಮಂಟಪಗಳ ಅಂಥ ತೋಟ ಲೋಕದಲ್ಲೇ ಅಪರೂಪ. ಅಫೀಮಿನ ವ್ಯಾಪಾರದ ಜಗಳ ಬೆಳೆದು, 1860ರ ಅಕ್ಟೋಬರಿನಲ್ಲಿ ಇಂಗ್ಲಿಷರು ಮತ್ತು ಫ್ರೆಂಚರು ಅಲ್ಲಿಗೆ ನುಗ್ಗಿ ದೋಚಿದರು. ಸೆರೆಸಿಕ್ಕ ತಮ್ಮ ಕಡೆಯವರನ್ನು ಚೀನೀಯರು ಕೊಂದರೆಂಬ ಸಿಟ್ಟಿನಲ್ಲಿ ಲಾರ್ಡ್ ಎಲ್ಗಿನ್ ಅದಕ್ಕೆ ಬೆಂಕಿ ಇಡಿಸಿದ. ಇದೇ ಎಲ್ಗಿನ್ 1862ರಲ್ಲಿ ನಮ್ಮ ದೇಶಕ್ಕೆ ವೈಸರಾಯ್ ಆಗಿ ಬಂದ! ಆ ದಂಡಯಾತ್ರೆಯಲ್ಲಿ ನಮ್ಮ ನಾಡಿನ ಸಿಪಾಯಿಗಳೂ ಇದ್ದರು. ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ದಳದವರೂ ಹೋಗಿದ್ದರು. 1799ರಲ್ಲಿ ಐದು ಪೌಂಡಿನ ಸಿಪಾಯಿ ಕಾವೇರಿಯ ದಡದಲ್ಲಿ ನಿಂತಿದ್ದ, 1860ರಲ್ಲಿ ಅವನಂಥವನೇ ಪೀಕಿಂಗಿನ ಬಾಗಿಲಲ್ಲಿ ನಿಂತಿದ್ದ. ಒಂದು ದೇಶದ ಬಡವನ ಕೈಯಿಂದ ಇನ್ನೊಂದು ದೇಶದ ಬಡವನ ಬೆವರನ್ನು ಅಳಿಸುವುದು ಸಾಮ್ರಾಜ್ಯಗಳ ಹಳೆಯ ವಿದ್ಯೆ.

ಶ್ರೀರಂಗಪಟ್ಟಣ ಆಮೇಲೆ ಸೊರಗಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಬುಕನನ್ ಅಂದಾಜು ಮಾಡಿದ. 1800ರಲ್ಲಿ ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ಅರಮನೆಯ ತೊಲೆಗಳು ಊಟಿಗೆ ಹೋಗಿ 1830ರ ಸುಮಾರಿಗೆ ಸಂತ ಸ್ಟೀಫನ್ನರ ಇಗರ್ಜಿಯ ಸೂರಾದವು. ಸುಲ್ತಾನನ ಮರದ ಹುಲಿ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿ ಇಂದಿಗೂ ಅಲ್ಲೇ ಇದೆ.

ಹಾಗಾದರೆ ನಮಗೆ ಉಳಿದದ್ದೇನು? ಉತ್ತರ ಈ ಹುಣಸೂರಿನಲ್ಲೇ ಇದೆ. ಫಿರಂಗಿ ಎಳೆಯುವ ಎತ್ತುಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅವನ ನಂತರ ಅದು ಕಂಪನಿಯ ಕೈಸೇರಿತು, ಅದರ ಠಾಣೆ ಹುಣಸೂರಾಯಿತು. ಇಲ್ಲಿ ಚರ್ಮ ಹದ ಮಾಡುವ ದೊಡ್ಡ ಕಾರ್ಖಾನೆಯಿತ್ತು. ದಂಡಿಗೆ ಬೂಟು, ಬೆನ್ನುಚೀಲ ಹೊಲಿಯುತ್ತಿದ್ದರು. ಕಂಬಳಿಯ ಕಾರ್ಖಾನೆಯಿತ್ತು, ಗಾಡಿ ಕಟ್ಟುವ ಮರದ ಅಂಗಳವಿತ್ತು. 1864ರ ಹೊತ್ತಿಗೆ ಸರ್ಕಾರ ಎಲ್ಲವನ್ನೂ ಮುಚ್ಚಿತು. ಆದರೆ ಕಾರ್ಖಾನೆಗಳು ಹೋದರೂ ಇಲ್ಲಿನ ಕಸುಬುದಾರರ ಕೈಚಳಕ ಉಳಿಯಿತೆಂದು ರೈಸ್ ಅವರೇ ಬರೆದಿದ್ದಾರೆ. ಸುಲ್ತಾನ ಹೋದ, ಕಂಪನಿ ಹೋಯಿತು, ಕೆಲಸ ಬಲ್ಲ ಕೈ ನಿಂತಿತು. ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ ನಮ್ಮ ಪಾಲು ಇದು.

ಇನ್ನೊಂದು ಮಾತು. ಪೀಕಿಂಗಿನಲ್ಲಿ ಆಮೇಲೆ ಕಟ್ಟಿದ ಬೇಸಿಗೆಯ ಅರಮನೆಯ ತೋಟ 1924ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅರಮನೆಯ ಪಕ್ಕದ ಬೈಹಾಯ್ ತೋಟ 1925ರಲ್ಲಿ ತೆರೆಯಿತು. ಸಾಮಾನ್ಯರು ಕಾಲಿಡಬಾರದಾಗಿದ್ದ ಕಡೆ ಇಂದು ಅಲ್ಲಿನ ಕೂಲಿಯವರ ಮಕ್ಕಳು ಆಡುತ್ತಾರೆ. ದರಿಯಾ ದೌಲತ್ ಕೂಡ ಇಂದು ಯಾವ ದೊರೆಯದೂ ಅಲ್ಲ. ಪುರಾತತ್ವ ಇಲಾಖೆ ಕಾಯುತ್ತಿರುವ ಜನರ ಸ್ವತ್ತು. ಆದ್ದರಿಂದ ನಾವು ಹೋಗುವುದು ಅರಸರ ವೈಭವಕ್ಕೆ ಬೆರಗಾಗಿ ಬಾಯಿಬಿಡುವುದಕ್ಕಲ್ಲ. ನಮ್ಮ ಆಸ್ತಿ ಹೇಗಿದೆ ಎಂದು ವಿಚಾರಿಸಿಕೊಂಡು ಬರುವುದಕ್ಕೆ.

ಆಸ್ತಿ ಎಂದ ಮೇಲೆ ಜವಾಬ್ದಾರಿಯೂ ಬಂತು. ಬಣ್ಣದ ಗೋಡೆಯನ್ನು ಮುಟ್ಟಬೇಡಿ, ಕಂಬದ ಮೇಲೆ ಹೆಸರು ಕೆತ್ತಬೇಡಿ. ಆ ಗೋಡೆ ಬರೆದವನೇ ತನ್ನ ಹೆಸರು ಕೆತ್ತಲಿಲ್ಲ, ನಮಗೇಕೆ? ಕೋಟೆಯೊಳಗೆ ರೈಲು ನಿಲ್ದಾಣದ ಹತ್ತಿರ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ನೋಡಿ. ಜೋಡಿ ಹಳಿಗೆ ದಾರಿ ಬಿಡಲೆಂದು 2017ರಲ್ಲಿ ಆ ಇಡೀ ಕಟ್ಟಡವನ್ನು ಒಡೆಯದೆ, ಎತ್ತಿ, ಸುಮಾರು 130 ಮೀಟರ್ ಸರಿಸಿದರು. ಒಡೆಯುವುದೊಂದೇ ದಾರಿಯಲ್ಲ, ಮನಸ್ಸಿದ್ದರೆ ಉಳಿಸುವ ವಿದ್ಯೆಯೂ ಇದೆ ಎಂಬುದಕ್ಕೆ ಅದು ಸಾಕ್ಷಿ. ಹೊಳೆಯ ಮೇಲೆ 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆಯನ್ನೂ ನೋಡಿ. ಅದಕ್ಕೆ ಇಟ್ಟ ಹೆಸರು ವೆಲ್ಲೆಸ್ಲಿಯದು, ಕಂಬ ನಿಲ್ಲಿಸಿದ ಕೈಗಳು ನಮ್ಮವು.

ಮಕ್ಕಳನ್ನು ಕರೆತನ್ನಿ. ಮನೆಯ ಹೆಂಗಸರು ಬರಲೇಬೇಕು, ಬುತ್ತಿ ಕಟ್ಟಿಕೊಡುವುದಕ್ಕಷ್ಟೇ ಅವರು ಉಳಿಯುವುದು ಬೇಡ. ಗಂಜಾಮಿನ ಬೀದಿಯಲ್ಲಿ ನಡೆಯುವಾಗ ಶಿರಾದಿಂದ ಗಂಟುಮೂಟೆ ಹೊತ್ತು ಬಂದ ಆ ಹನ್ನೆರಡು ಸಾವಿರ ಮನೆಗಳನ್ನು ನೆನೆಯಿರಿ, ಮಕ್ಕಳಿಗೂ ಹೇಳಿ. ಒಂದು ದಿನದ ಕೂಲಿ ಹೋಗುವುದು ನಿಜ. ಈ ನಾಡನ್ನು ಕಟ್ಟಿದವರಲ್ಲಿ ತನ್ನಂಥವರೂ ಇದ್ದರೆಂಬುದು ನಮ್ಮ ಮಗುವಿಗೆ ಆ ದಿನ ತಿಳಿದರೆ, ಆ ಕೂಲಿ ದಂಡವಾಗುವುದಿಲ್ಲ.