ಈಚಲ ಮರದ ಕೆಳಗಿನ ಮಜ್ಜಿಗೆ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ ಎಂಬ ಮಾತನ್ನು ಮನೆಯಲ್ಲಿ ಕೇಳಿರಬಹುದು. ಆ ಮರದಿಂದ ಹೆಂಡ ಇಳಿಸುತ್ತಾರಲ್ಲ, ಅದಕ್ಕೆ. ನ್ಯಾಯಾಧೀಶರಿಗೂ ಈ ಮಾತು ಹೊಂದುತ್ತದೆ. ಹೇಗೆ ಅಂತ ನಾವಿರುವ ಈ ಬ್ರಿಟನ್ನಿನದೇ ಒಂದು ಮೊಕದ್ದಮೆಯಲ್ಲಿ ನೋಡೋಣ.

ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಚೆಯನ್ನು 1998ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬಂಧಿಸಲಾಯಿತು. ಚಿತ್ರಹಿಂಸೆಯ ಆರೋಪದ ಮೇಲೆ ತನಗೆ ಒಪ್ಪಿಸಿ ಎಂದು ಸ್ಪೇನ್ ಕೇಳಿತ್ತು. ಹಿಂದೆ ದೇಶ ಆಳಿದವರೆಂಬ ಕಾರಣಕ್ಕೆ ಕಾನೂನಿನ ರಕ್ಷಣೆ ಸಿಗುತ್ತದೆಯೇ? ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಆಗ ಇಲ್ಲಿನ ಅತ್ಯುನ್ನತ ನ್ಯಾಯಪೀಠ ಅದೇ. ನವೆಂಬರ್ 25ರಂದು ಐವರಲ್ಲಿ ಮೂವರು ‘ಇಲ್ಲ’ ಎಂದರು. ಹಿಂಸೆ ಉಂಡವರು ವರ್ಷಗಟ್ಟಲೆ ಕಾದಿದ್ದ ಉತ್ತರ ಅದು.

ಆ ಮೂವರಲ್ಲಿ ಒಬ್ಬರು ಲಾರ್ಡ್ ಹಾಫ್‌ಮನ್. ಮೊಕದ್ದಮೆಯಲ್ಲಿ ಪಿನೋಚೆಗೆ ವಿರುದ್ಧವಾಗಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವಾದಿಸಿತ್ತು. ಅದರ ದತ್ತಿ ಕೆಲಸ ನೋಡಿಕೊಳ್ಳುವ ಅಂಗಸಂಸ್ಥೆಗೆ ಹಾಫ್‌ಮನ್ ಅಧ್ಯಕ್ಷರು. ಸಂಬಳವಿಲ್ಲದ ಸೇವೆ, ನಿಜ. ಆದರೆ ಆ ವಿಷಯವನ್ನು ಎದುರು ಪಕ್ಷಕ್ಕೆ ತಿಳಿಸಿರಲಿಲ್ಲ. ಡಿಸೆಂಬರ್ 17ರಂದು ಬೇರೆ ಐವರು ನ್ಯಾಯಾಧೀಶರು ತಮ್ಮದೇ ಪೀಠದ ತೀರ್ಪನ್ನು ರದ್ದು ಮಾಡಿದರು. ಹಾಫ್‌ಮನ್ ಪಕ್ಷಪಾತ ಮಾಡಿದರು ಎಂದು ಅವರು ಹೇಳಲಿಲ್ಲ. ಅಷ್ಟು ನಂಟಿದ್ದವರು ಅಲ್ಲಿ ಕೂರಬಾರದಿತ್ತು ಎಂದರು.

ನಂಟು ಇಷ್ಟು ನೇರವಾಗಿಲ್ಲದಿದ್ದರೆ? ಅದಕ್ಕೆ 2001ರ ಪೋರ್ಟರ್–ಮ್ಯಾಗಿಲ್ ತೀರ್ಪು ಒಂದು ಅಳತೆಗೋಲು ಕೊಟ್ಟಿದೆ. ವಿಷಯವೆಲ್ಲ ತಿಳಿದ, ನ್ಯಾಯಬುದ್ಧಿಯ ಹೊರಗಿನವರೊಬ್ಬರಿಗೆ ಪಕ್ಷಪಾತದ ನಿಜವಾದ ಸಾಧ್ಯತೆ ಕಂಡರೆ ನ್ಯಾಯಾಧೀಶರು ಹಿಂದೆ ಸರಿಯಬೇಕು.

ಹಾಗೆಂದು ಯಾರೋ ಗೊಣಗಿದ್ದಕ್ಕೆಲ್ಲ ಏಳಬೇಕಿಲ್ಲ. ಎದ್ದರೆ, ಕಕ್ಷಿದಾರರೇ ತಮಗೆ ಬೇಕಾದ ನ್ಯಾಯಾಧೀಶರನ್ನು ಆರಿಸಿಕೊಂಡಂತಾಗುತ್ತದೆ. ನ್ಯಾಯಾಧೀಶರ ಧರ್ಮ, ಜನಾಂಗ, ಮೂಲದೇಶ ಆಕ್ಷೇಪಕ್ಕೆ ಕಾರಣವಾಗದು ಎಂದು 1999ರಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಲೊಕಾಬೇಲ್ ಮೊಕದ್ದಮೆಯಲ್ಲಿ ಹೇಳಿತು. ಇದನ್ನು ನೀವು ನೆನಪಿಡಬೇಕು. ನಾಳೆ ನಿಮ್ಮಲ್ಲೊಬ್ಬರು ಆ ಕುರ್ಚಿಯಲ್ಲಿ ಕೂತರೆ, ನಿಮ್ಮ ಹೆಸರು, ಮೈಬಣ್ಣ ತೋರಿಸಿ ಎಬ್ಬಿಸಲು ಯಾರಿಗೂ ಬರುವುದಿಲ್ಲ.

ಪಿನೋಚೆ ಪ್ರಶ್ನೆಯನ್ನು ಏಳು ಜನ ಹೊಸದಾಗಿ ಕೇಳಿ, 1999ರ ಮಾರ್ಚ್ 24ರಂದು ಆರು ಮಂದಿ ಮತ್ತೆ ‘ರಕ್ಷಣೆ ಇಲ್ಲ’ ಎಂದರು. ಆದರೆ ಈ ಸಲ ವಿಚಾರಣೆಗೆ ಉಳಿದ ಆರೋಪಗಳು ಕೆಲವೇ. ನೊಂದವರು ಇನ್ನೂ ನಾಲ್ಕು ತಿಂಗಳು ಕಾದಿದ್ದರು. ಕನ್ನಡ ಕೂಟದ ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಕರೆದರೂ ಸರಿ, ಸ್ಪರ್ಧಿಗಳಲ್ಲಿ ನಿಮ್ಮ ತಂಗಿಯಿದ್ದರೆ ಶುರುವಾಗುವ ಮೊದಲೇ ಹೇಳಿಬಿಡಿ.